ಎಕ್ಸ್‌ಟ್ರಾಕ್ಟರ್ ಬಂದ ದಾರಿ

ದೊಡ್ಡ ದತ್ತಾಂಶ ಸಂಸ್ಕರಿಸುವ ಸ್ಪಾರ್ಕ್ ಕೆಲಸಕ್ಕೆಂದು ಜಾವಾ ಭಾಷೆ ಬಿಟ್ಟು ಸ್ಕಾಲಾ ಭಾಷೆ ಹಿಡಿದ ಪುಣೆಯ ಕನ್ನಡಿಗ ಎಂಜಿನಿಯರುಗಳಿಗೆ ಪ್ಯಾಟರ್ನ್ ಮ್ಯಾಚಿಂಗ್, ಅಂದರೆ ದತ್ತಾಂಶದ ಆಕಾರ ನೋಡಿ 'ಕೇಸ್' ಎಂಬ ಕವಲುಗಳಲ್ಲಿ ಒಂದನ್ನು ಆರಿಸಿ ಅದರ ಭಾಗಗಳನ್ನು ಬಿಚ್ಚಿಕೊಳ್ಳುವುದು, ಸಲೀಸಾಗಿ ಒಗ್ಗುತ್ತದೆ. ಬಿಚ್ಚುವ ಬಗೆಯನ್ನು ತಾವೇ ಬರೆಯುವ ಸ್ವಂತ ಎಕ್ಸ್‌ಟ್ರಾಕ್ಟರ್ ಎದುರಾದಾಗ ತೊಡಕು ಶುರುವಾಗುತ್ತದೆ. ಆ ತೊಡಕು ಸ್ಕಾಲಾಕ್ಕಿಂತ ಹಳೆಯದು.

1970ರ ದಶಕದಲ್ಲಿ ಎಡಿನ್‌ಬರೋದ ರಾಡ್ ಬರ್ಸ್ಟಾಲ್ ರೂಪಿಸಿದ ಎನ್‌ಪಿಎಲ್ ಭಾಷೆಯಿಂದ ಹಿಡಿದು ಹೋಪ್, ಎಂಎಲ್, ಹ್ಯಾಸ್ಕೆಲ್ ಭಾಷೆಗಳವರೆಗೆ ನಡೆದುಬಂದ ನಿಯಮವೆಂದರೆ, ದತ್ತಾಂಶವನ್ನು ಯಾವ ಕನ್‌ಸ್ಟ್ರಕ್ಟರ್‌ನಿಂದ ಕಟ್ಟಲಾಗಿದೆಯೋ ಅದರ ಹೆಸರಿನಿಂದಲೇ ಬಿಚ್ಚಬೇಕು. ಒಳರಚನೆಯನ್ನು ಮುಚ್ಚಿಟ್ಟರೆ ಮ್ಯಾಚ್ ಮಾಡಲಾಗದು, ಮ್ಯಾಚ್ ಮಾಡಬೇಕೆಂದರೆ ಮುಚ್ಚಿಡಲಾಗದು. ಈ ಇಕ್ಕಟ್ಟಿಗೆ ಫಿಲಿಪ್ ವಾಡ್ಲರ್ 1987ರಲ್ಲೇ ಒಳರಚನೆ ಮುಚ್ಚಿಟ್ಟೇ ಮ್ಯಾಚ್‌ಗೆ ಬೇರೊಂದು ರೂಪ ತೋರಿಸುವ 'ವ್ಯೂಸ್' ಎಂಬ ಪರಿಹಾರ ಸೂಚಿಸಿದ್ದರೂ 1990ರ ಹ್ಯಾಸ್ಕೆಲ್ ಅದನ್ನು ಒಳಗೊಳ್ಳಲಿಲ್ಲ. 2007ರಲ್ಲಿ ಎಫ್ ಶಾರ್ಪ್ ಭಾಷೆಯ ಇಂಥದೇ ಪರಿಹಾರವಾದ ಆಕ್ಟಿವ್ ಪ್ಯಾಟರ್ನ್ ಕುರಿತು ಡಾನ್ ಸೈಮ್ ಮತ್ತು ಜೊತೆಗಾರರು, ಸ್ಕಾಲಾದ ಎಕ್ಸ್‌ಟ್ರಾಕ್ಟರ್ ಕುರಿತು ಎಮಿರ್, ಒಡೆರ್ಸ್ಕಿ, ವಿಲಿಯಮ್ಸ್ ಪ್ರಬಂಧ ಮಂಡಿಸಿದರು.

ಸ್ಕಾಲಾದ ಉಪಾಯ ಸರಳವಾದುದು. ಒಂದು ಆಬ್ಜೆಕ್ಟ್‌ನಲ್ಲಿ 'ಅನ್‌ಅಪ್ಲೈ' ಎಂಬ ಮೆಥಡ್ ಬರೆದರೆ ಆ ಆಬ್ಜೆಕ್ಟ್‌ನ ಹೆಸರನ್ನೇ ಕೇಸ್‌ನಲ್ಲಿ ಬಳಸಬಹುದು. ಮೆಥಡ್ 'ಸಮ್' (ಸಿಕ್ಕಿತು) ಮರಳಿಸಿದರೆ ಅದರೊಳಗಿನ ಭಾಗಗಳು ಕೇಸ್‌ನ ಹೆಸರುಗಳಿಗೆ ದಕ್ಕುತ್ತವೆ, 'ನನ್' (ಏನೂ ಸಿಗಲಿಲ್ಲ) ಮರಳಿಸಿದರೆ ಸರದಿ ಮುಂದಿನ ಕೇಸ್‌ಗೆ ಹೋಗುತ್ತದೆ. ಪುಣೆಯ ಹಿಂಜವಡಿಯ ಪಾರ್ಕಿಂಗಿನಲ್ಲಿ ವಾಹನದ ನಂಬರ್ ಓದುವ ಪ್ರೋಗ್ರಾಮನ್ನು ನೋಡಿ. ಎಂಎಚ್ 12 ಎಂದರೆ ಪುಣೆ, ಕೆಎ 22 ಎಂದರೆ ಬೆಳಗಾವಿ. ಮೊದಲೆರಡು ಅಕ್ಷರ ಕತ್ತರಿಸಿದರೆ ರಾಜ್ಯ ಸಿಗುತ್ತಿತ್ತು. ಆದರೆ 2021ರಲ್ಲಿ ಬಂದ ದೇಶವ್ಯಾಪಿ ಬಿಎಚ್ ಸರಣಿಯಲ್ಲಿ ನೋಂದಣಿ ವರ್ಷದ ಎರಡು ಅಂಕಿಗಳೇ ಮೊದಲು ಬರುತ್ತವೆ. ಹಾಗೆ ಕತ್ತರಿಸುವ ಕೋಡ್ ಹತ್ತು ಕಡೆ ಹರಡಿದ್ದರೆ ಹತ್ತು ಕಡೆಯೂ ತಿದ್ದಬೇಕು. ಎಕ್ಸ್‌ಟ್ರಾಕ್ಟರ್ ಇದ್ದಲ್ಲಿ ಹೊಸದೊಂದನ್ನು ಬರೆದು, ಅದಕ್ಕೊಂದು ಕೇಸ್ ಸೇರಿಸಿದರೆ ಮುಗಿಯಿತು.

ಈ ಅನುಕೂಲ ಪುಕ್ಕಟೆಯಲ್ಲ. ಎಲ್ಲ ಬಗೆಗಳನ್ನೂ ಮೊದಲೇ ಘೋಷಿಸಿಟ್ಟ ಸೀಲ್ಡ್ ಟೈಪ್‌ಗಳಲ್ಲಿ ಕೇಸ್ ಬಿಟ್ಟುಹೋದರೆ ಕಂಪೈಲರ್ ಎಚ್ಚರಿಸುತ್ತದೆ, ಆದರೆ 'ನನ್' ಮರಳಿಸಬಲ್ಲ ಎಕ್ಸ್‌ಟ್ರಾಕ್ಟರ್ ಏನನ್ನು ತಳ್ಳಿಹಾಕುತ್ತದೆಂದು ಅದಕ್ಕೆ ತಿಳಿಯದು. ಎಫ್ ಶಾರ್ಪ್ ಏಳು ಕವಲುಗಳವರೆಗಿನ ಪೂರ್ಣ ವಿಂಗಡಣೆಗೆ ಅವಕಾಶ ಕೊಟ್ಟು ಇದನ್ನು ಭಾಗಶಃ ನಿಭಾಯಿಸಿತು. ಹ್ಯಾಸ್ಕೆಲ್‌ನ ಜಿಎಚ್‌ಸಿ ಕಂಪೈಲರ್ 2014ರಲ್ಲಿ ಪ್ಯಾಟರ್ನ್‌ಗೆ ಸ್ವಂತ ಹೆಸರು ಕೊಡುವ 'ಪ್ಯಾಟರ್ನ್ ಸಿನೊನಿಮ್' ತಂದು, 2017ರಲ್ಲಿ ಈ ಹೆಸರುಗಳಿಂದಲೇ ಎಲ್ಲ ಕೇಸ್‌ಗಳೂ ಮುಗಿದವು ಎಂದು ಕಂಪೈಲರ್‌ಗೆ ತಿಳಿಸುವ 'ಕಂಪ್ಲೀಟ್' ಎಂಬ ಪ್ರಾಗ್ಮಾ (ಸೂಚನೆ) ಸೇರಿಸಿತು. ಅದರಲ್ಲಿ ಪ್ರೋಗ್ರಾಮರ್ ಹೇಳಿದ್ದನ್ನು ಪರೀಕ್ಷಿಸದೆ ನಂಬಲಾಗುತ್ತದೆ, ಇದು ಸಮಾಧಾನದ ಉತ್ತರವೆನಿಸದು. ಅದಕ್ಕಿಂತ ಹೆಚ್ಚಿನ ಕಾಟ ರೂಢಿಯಿಂದ ಬಂದದ್ದು: ಅನ್‌ಅಪ್ಲೈ ಒಳಗೆ ಡೇಟಾಬೇಸ್ ಕೇಳುವ ಕೋಡ್ ಹುದುಗಿಸಿಟ್ಟರೆ, ಒಂದು ಸಾಲಿನ ಕೇಸ್ ಹೊರಗಿನಿಂದ ಎಷ್ಟು ಅಗ್ಗವಾಗಿ ಕಂಡರೂ ಅದನ್ನು ಬಳಸಿದ ಪ್ರತಿ ಕೇಸ್‌ನಲ್ಲೂ ಆ ಪ್ರಶ್ನೆ ಮತ್ತೆ ಓಡಬಹುದು.

2021ರ ಪೈಥಾನ್ 3.10 ಪ್ಯಾಟರ್ನ್ ಮ್ಯಾಚಿಂಗ್ ತಂದರೂ ಬಿಚ್ಚುವ ಇಂಥ ಸ್ವಂತ ವಿಧಾನದ ಯೋಚನೆಯನ್ನು ಬದಿಗಿಟ್ಟಿತು. 2023ರ ಜಾವಾ 21 'ರೆಕಾರ್ಡ್' ಎಂಬ ಸರಳ ದತ್ತಾಂಶ ಕಟ್ಟುಗಳನ್ನು ಬಿಚ್ಚುವಷ್ಟಕ್ಕೆ ನಿಂತಿತು.