ಪದ ಪರಿಚಯ: ಪೋಲ್ಕಾ — ಕುಪ್ಪಸವಲ್ಲ, ಕುಣಿತ

“ಸಿಂಪಿಗ್ಯಾರ ಅಂಗಡ್ಯಾಗ ನಂದೊಂದು ಪೋಲ್ಕಾ ಐತಿ, ತಗೊಂಡ ಬಾ” ಎಂದು ಅಜ್ಜಿ ನನ್ನನ್ನು ಕಳಿಸುತ್ತಿದ್ದಳು. ಧಾರವಾಡ, ಬೆಳಗಾವಿ ಕಡೆ ಹೊಲಿಸಿದ ರವಿಕೆಯನ್ನು ಪೋಲ್ಕಾ ಎಂದು ಕರೆಯುವ ಹಿರಿಯರು ಈಗಲೂ ಇದ್ದಾರೆ. ಮರಾಠಿಯಲ್ಲಿ ಅದು ಪೋಲಕಂ; ಹುಡುಗಿಯರ ಲಂಗ-ರವಿಕೆಗೆ ಪರಕರ-ಪೋಲಕಂ. ಚುಕ್ಕಿ ಬಟ್ಟೆಯ ‘ಪೋಲ್ಕಾ ಡಾಟ್’ ಇನ್ನೊಂದು. ಈ ಎರಡೂ ಬಟ್ಟೆಯ ಮಾತುಗಳು. ಆದರೆ ಪೋಲ್ಕಾ ಮೊದಲು ಬಟ್ಟೆಯಲ್ಲ, ಒಂದು ಕುಣಿತ. 1840ರ ದಶಕದಲ್ಲಿ ಆ ಕುಣಿತದ ಹುಚ್ಚು ಯುರೋಪಿಗೆ ಎಷ್ಟು ಹಿಡಿಯಿತೆಂದರೆ ವ್ಯಾಪಾರಿಗಳು ಸಿಕ್ಕಿದ್ದಕ್ಕೆಲ್ಲ ಅದರ ಹೆಸರಿಟ್ಟರು. ಇಂಗ್ಲೆಂಡಿನಲ್ಲಿ ಹೆಂಗಸರು ತೊಡುತ್ತಿದ್ದ ಮೈಗಂಟಿದ ಗಿಡ್ಡ ಜಾಕೀಟೂ ‘ಪೋಲ್ಕಾ’ ಆಯಿತು. ಅಜ್ಜಿಯ ಪೋಲ್ಕಾ ಆ ಜಾಕೀಟಿನ ಬಳಗದ್ದೇ ಎಂದು ನಾನು ನಂಬಿದ್ದೇನೆ. ಹೆಸರೂ ಒಂದೇ, ಉಡುಪಿನ ಜಾತಿಯೂ ಒಂದೇ. ಬಟ್ಟೆಯ ಮಾತು ಇಲ್ಲಿಗೆ ಸಾಕು. ಹೇಳಬೇಕಿರುವುದು ಆ ಕುಣಿತದ ಬಗ್ಗೆ, ಮನೆ ಬಿಟ್ಟು ಸಮುದ್ರ ದಾಟಿದ ಜನ ಅದನ್ನು ಏನು ಮಾಡಿಕೊಂಡರು ಎನ್ನುವುದರ ಬಗ್ಗೆ.

ಪೋಲ್ಕಾ ಹುಟ್ಟಿದ್ದು 1830ರ ದಶಕದಲ್ಲಿ, ಬೊಹೀಮಿಯಾದಲ್ಲಿ. ಅಂದರೆ ಈಗಿನ ಚೆಕ್ ದೇಶದಲ್ಲಿ. ಚೆಕ್ ಭಾಷೆಯಲ್ಲಿ ‘ಪೂಲ್ಕಾ’ ಎಂದರೆ ಅರ್ಧ. ಕುಣಿತದಲ್ಲಿ ಬರುವ ಅರೆಹೆಜ್ಜೆಯಿಂದ ಹೆಸರು ಬಂತು ಎನ್ನುವವರಿದ್ದಾರೆ. ಅದೇ ಭಾಷೆಯಲ್ಲಿ ‘ಪೋಲ್ಕಾ’ ಎಂದರೆ ಪೋಲೆಂಡಿನ ಹೆಂಗಸು. ಹೆಸರು ಅಲ್ಲಿಂದ ಬಂತು ಎನ್ನುವವರೂ ಇದ್ದಾರೆ. ಈ ಎರಡನೆಯ ಅರ್ಥದಿಂದಾಗಿಯೇ ಬಹಳ ಜನ ಇದನ್ನು ಪೋಲೆಂಡಿನ ಕುಣಿತ ಎಂದುಕೊಂಡಿದ್ದಾರೆ. ಹಾಗಲ್ಲ. ಹಳ್ಳಿಯ ಕೆಲಸದ ಹುಡುಗಿಯೊಬ್ಬಳು ತನ್ನಷ್ಟಕ್ಕೆ ಹಾಡಿಕೊಂಡು ಕುಣಿಯುತ್ತಿದ್ದಳು, ಅದನ್ನು ಕಂಡ ಸಂಗೀತದ ಮೇಷ್ಟ್ರು ಮಟ್ಟನ್ನು ಬರೆದಿಟ್ಟುಕೊಂಡರು ಎಂಬ ಕಥೆಯನ್ನು ಚೆಕ್ಕರು ಪ್ರೀತಿಯಿಂದ ಹೇಳುತ್ತಾರೆ. ಕಥೆ ಕಥೆಯಾಗಿಯೇ ಇರಲಿ. ಕುಣಿತ ಪ್ರಾಗ್‌ನಿಂದ 1840ಕ್ಕೆ ಪ್ಯಾರಿಸ್ ಮುಟ್ಟಿತು. 1844ರಲ್ಲಿ ಲಂಡನ್ನಿಗೂ ನ್ಯೂಯಾರ್ಕಿಗೂ ಬಂತು.

ಲಯ ಸರಳ. ಎರಡು ಎಣಿಕೆ. ಒಂದರ ಮೇಲೆ ಮಂದ್ರದ ಸ್ವರ ಬೀಳುತ್ತದೆ, ಅದರ ಬೆನ್ನಿಗೇ ಮೇಲಿನ ಸ್ವರಗಳ ಗುಂಪು ಪುಟಿಯುತ್ತದೆ: ಉಂ-ಪಾ, ಉಂ-ಪಾ. ಜೋಡಿಯಾಗಿ ಕುಣಿಯುವವರು ಒಂದು ಪುಟ್ಟ ನೆಗೆತ, ಮೂರು ಚುರುಕು ಹೆಜ್ಜೆ ಹಾಕುತ್ತ ಗಿರಗಿರ ಸುತ್ತುತ್ತಾರೆ. ಸುತ್ತುತ್ತಲೇ ಇಡೀ ಜೋಡಿ ಅಂಗಳದ ಸುತ್ತ ಸಾಗುತ್ತಿರುತ್ತದೆ.

ಇದರ ಜೊತೆಗಾರ ವಾದ್ಯ ಅಕಾರ್ಡಿಯನ್. ಅದೂ ಇದೂ ಓರಗೆಯವು. ಅಕಾರ್ಡಿಯನ್ನಿಗೆ ವಿಯೆನ್ನಾದಲ್ಲಿ ಪೇಟೆಂಟ್ ಸಿಕ್ಕಿದ್ದು 1829ರಲ್ಲಿ. ಜರ್ಮನಿಯ ಕೆಮ್ನಿಟ್ಸ್ ಊರಿನ ಉಹ್ಲಿಗ್ ಎಂಬಾತ ಕನ್ಸರ್ಟೀನಾ ಎಂಬ ಗುಂಡಿಪೆಟ್ಟಿಗೆಯನ್ನು ಮಾಡಿದ್ದು 1834ರಲ್ಲಿ. ತಿದಿಯ ಗಾಳಿ ಒಳಗಿನ ಲೋಹದ ನಾಲಿಗೆಗಳನ್ನು ಕಂಪಿಸಿ ನಾದ ಹುಟ್ಟಿಸುವ ಈ ವಾದ್ಯಗಳು ನಮ್ಮ ಹಾರ್ಮೋನಿಯಂನ ಖಾಸಾ ಬಂಧುಗಳು. ನಮ್ಮಲ್ಲಿ ಅದು ಪೇಟಿ, ನುಡಿಸುವವರು ಪೇಟಿ ಮಾಸ್ತರು. ಯುರೋಪಿನಿಂದ ಅಮೆರಿಕದ ಕ್ಲೀವ್‌ಲ್ಯಾಂಡ್ ನಗರಕ್ಕೆ ವಲಸೆ ಹೋದ ಸ್ಲೊವೇನಿಯನ್ನರು ತಮ್ಮ ಅಕಾರ್ಡಿಯನ್ನನ್ನು ‘ಬಟನ್ ಬಾಕ್ಸ್’ ಎನ್ನುತ್ತಾರೆ, ಅಂದರೆ ಗುಂಡಿಗಳ ಪೇಟಿ. ಇದನ್ನು ಮೊದಲ ಸಲ ಓದಿದಾಗ ನನಗಾದ ಸಂತೋಷ ದೊಡ್ಡದು. ಹೊತ್ತುಕೊಂಡು ಹೋಗಬಹುದಾದ, ಒಬ್ಬನೇ ಇಡೀ ಮೇಳದ ಕೆಲಸ ಮಾಡಬಹುದಾದ ವಾದ್ಯ ಎಲ್ಲಿ ಸಿಕ್ಕರೂ ಜನಸಾಮಾನ್ಯರು ಅದನ್ನು ಬಿಡುವುದಿಲ್ಲ.

1880ರಿಂದ 1920ರವರೆಗೆ ಎರಡು ಕೋಟಿಗೂ ಹೆಚ್ಚು ಜನ ಅಮೆರಿಕಕ್ಕೆ ವಲಸೆ ಹೋದರು. ಪೋಲೆಂಡಿನವರು ಶಿಕಾಗೋದ ಕಸಾಯಿಖಾನೆಗಳಿಗೆ, ಸ್ಲೊವೇನಿಯದವರು ಕ್ಲೀವ್‌ಲ್ಯಾಂಡಿನ ಉಕ್ಕಿನ ಕಾರ್ಖಾನೆಗಳಿಗೆ ಸೇರಿದರು. ಜರ್ಮನರೂ ಚೆಕ್ಕರೂ ಅದಕ್ಕಿಂತ ಮುಂಚಿನಿಂದಲೇ ಮಿನೆಸೋಟಾ, ವಿಸ್ಕಾನ್ಸಿನ್, ಟೆಕ್ಸಸ್‌ನಲ್ಲಿ ಹೊಲ ಹಿಡಿದಿದ್ದರು. ಎಲ್ಲರ ಗಂಟಿನಲ್ಲೂ ಪೋಲ್ಕಾ ಇತ್ತು. ಒಂದೇ ಕುಣಿತ ಬೇರೆ ಬೇರೆ ಜನರ ಕೈಯಲ್ಲಿ ಬೇರೆ ಬೇರೆಯಾಗಿ ಬೆಳೆಯಿತು. ಹಾಗಾಗಿ ಅಮೆರಿಕದಲ್ಲಿ ಬರೀ ‘ಪೋಲ್ಕಾ’ ಎಂದರೆ ಮಾತು ಪೂರ್ತಿಯಾಗುವುದಿಲ್ಲ. ಯಾರ ಧಾಟಿ ಎಂದು ಕೇಳುತ್ತಾರೆ.

ಮಿನೆಸೋಟಾದ ನ್ಯೂ ಉಲ್ಮ್ ಊರಿನ ಜರ್ಮನರದು ‘ಡಚ್‌ಮನ್’ ಧಾಟಿ. ಡಚ್ ಎಂದರೆ ಇಲ್ಲಿ ಹಾಲೆಂಡ್ ಅಲ್ಲ. ಜರ್ಮನರು ತಮ್ಮನ್ನು ಕರೆದುಕೊಳ್ಳುವ ‘ಡಾಯ್ಚ್’ ಎಂಬ ಮಾತು ಬಾಯಿಂದ ಬಾಯಿಗೆ ಹಾಗಾಗಿದೆ. ಟ್ಯೂಬಾ ಎಂಬ ದೊಡ್ಡ ಕೊಂಬು ನೆಲ ನಡುಗಿಸುವಂತೆ ಉಂ ಎನ್ನುತ್ತದೆ, ಕನ್ಸರ್ಟೀನಾ ಅದರ ಮೇಲೆ ಓಡಾಡುತ್ತದೆ. ‘ವೂಪೀ ಜಾನ್’ ಎಂದೇ ಹೆಸರಾದ ಜಾನ್ ವಿಲ್‌ಫಾರ್ಟ್ (1893–1961) ಈ ಧಾಟಿಯ ಹಿರಿಯ. ಅದೇ ಊರಿನ ಕ್ರಿಸ್ಟಿ ಹೆಂಗೆಲ್ ಕೈಯಾರೆ ಕನ್ಸರ್ಟೀನಾ ಮಾಡುತ್ತಿದ್ದವರು. 1989ರಲ್ಲಿ ಅವರಿಗೆ ಅಮೆರಿಕ ಸರ್ಕಾರದ ರಾಷ್ಟ್ರೀಯ ಪರಂಪರೆ ಫೆಲೋಶಿಪ್ ಬಂತು. ವಾದ್ಯ ನುಡಿಸುವವರಂತೆ ವಾದ್ಯ ಮಾಡುವವರನ್ನೂ ಕಲಾವಿದರೆಂದು ಕಂಡ ಆ ನಿರ್ಧಾರ ನನಗೆ ಬಹಳ ಹಿಡಿಸಿತು.

ಶಿಕಾಗೋದ ಪೋಲಿಷ್ ಧಾಟಿಯ ನಡೆ ನಿಧಾನ, ಭಾವ ಗಾಢ. ಪೂರ್ವ ಕರಾವಳಿಯ ಪೋಲಿಷ್ ಬ್ಯಾಂಡುಗಳು ಸ್ವರಲಿಪಿ ನೋಡಿಕೊಂಡು, ದೊಡ್ಡ ವಾದ್ಯವೃಂದದ ಅಚ್ಚುಕಟ್ಟಿನಿಂದ, ಬಿರುಸಾಗಿ ನುಡಿಸುತ್ತಿದ್ದವು. ಶಿಕಾಗೋದ ‘ಲಿಲ್ ವಾಲಿ’ ಯಾಗೆಲ್ಲೋ (1930–2006) ಅದನ್ನು ಮತ್ತೆ ಹಳ್ಳಿಯ ದಾರಿಗೆ ತಂದರು. ಚಿಕ್ಕಂದಿನಲ್ಲೇ ಡಿವಿಷನ್ ಸ್ಟ್ರೀಟಿನ ಪೋಲಿಷ್ ಹೆಂಡದಂಗಡಿಗಳಲ್ಲಿ ಹಾಡುತ್ತಿದ್ದ ಆತ ಬೆಳೆದು ಡ್ರಮ್ಮು, ಕನ್ಸರ್ಟೀನಾ ಹಿಡಿದರು. ತಮ್ಮದೇ ರೆಕಾರ್ಡ್ ಕಂಪನಿಯನ್ನೂ ಕಟ್ಟಿದರು. ಅವರ ನಂತರದ ತಲೆಮಾರಿನ ಎಡ್ಡಿ ಬ್ಲಾಝೋನ್‌ಚಿಕ್ (1941–2012) ಯೌವನದಲ್ಲಿ ರಾಕ್ ಆ್ಯಂಡ್ ರೋಲ್ ಹಾಡಿದವರು. ಅದರ ಬಿಸಿಯನ್ನು ಹಾಗೇ ಪೋಲ್ಕಾದೊಳಕ್ಕೆ ತಂದರು.

ಸ್ಲೊವೇನಿಯನ್ ಧಾಟಿಯ ದೊಡ್ಡ ಹೆಸರು ಫ್ರಾಂಕಿ ಯಾಂಕೊವಿಕ್ (1915–1998). ಕ್ಲೀವ್‌ಲ್ಯಾಂಡಿನ ಅವರ ಮನೆಯಲ್ಲಿ ಊರ ಕಡೆಯ ಒಂಟಿ ಕಾರ್ಮಿಕರು ಊಟ-ವಸತಿಗೆ ಇರುತ್ತಿದ್ದರು. ಅವರಲ್ಲೊಬ್ಬನಿಂದ ಹುಡುಗ ಗುಂಡಿಪೇಟಿ ಕಲಿತ. ಎರಡನೆಯ ಮಹಾಯುದ್ಧದಲ್ಲಿ ಯುರೋಪಿನ ಚಳಿಗಾಲದ ಕದನಭೂಮಿಯಲ್ಲಿ ಹಿಮ ಕಚ್ಚಿ ಕೈಬೆರಳುಗಳು ಮರಗಟ್ಟಿದವು. ಕತ್ತರಿಸಬೇಕೆಂದರು ವೈದ್ಯರು, ಆತ ಒಪ್ಪಲಿಲ್ಲ. ಬೆರಳು ಉಳಿದವು, ಆಸ್ಪತ್ರೆಯಲ್ಲೇ ಅಕಾರ್ಡಿಯನ್ ಹಿಡಿದು ಅವಕ್ಕೆ ಚಲನೆ ತಂದುಕೊಂಡರು. 1948ರಲ್ಲಿ ಅವರ ಒಂದು ರೆಕಾರ್ಡ್ ಹತ್ತು ಲಕ್ಷ ಪ್ರತಿಗಳ ಮಾರಾಟ ಕಂಡಿತು, ಅದೇ ವರ್ಷ ಮಿಲ್ವಾಕಿಯಲ್ಲಿ ‘ಅಮೆರಿಕದ ಪೋಲ್ಕಾ ದೊರೆ’ ಎಂಬ ಕಿರೀಟ ತೊಡಿಸಿದರು. ಆ ರೆಕಾರ್ಡಿನ ಹಾಡು ಸ್ಲೊವೇನಿಯದ್ದಲ್ಲ ಎನ್ನುವುದನ್ನು ಮರೆಯಬಾರದು. ಅದು ಅಮೆರಿಕದ ದಕ್ಷಿಣದ ಹಳ್ಳಿಗಾಡಿನ ಗಾಯಕರಿಂದ ಬಂದ ಹಾಡು.

ಪೋಲ್ಕಾ ಎಂಬ ಪದದ ಅಮೆರಿಕದ ಅರ್ಥ ನನಗೆ ತಿಳಿದದ್ದು ಇಲ್ಲಿಯೇ. ಅಜ್ಜನ ಊರಿನಿಂದ ತಂದು ಬೀರುವಿನಲ್ಲಿ ಮಡಿಚಿಟ್ಟ ರೇಷ್ಮೆ ವಸ್ತ್ರ ಅದಲ್ಲ. ದಿನವೂ ಉಟ್ಟದ್ದು, ಹರಿದಲ್ಲಿ ನೆರೆಮನೆಯವರ ಬಟ್ಟೆಯ ತೇಪೆ ಹಾಕಿಕೊಂಡದ್ದು. ವಾರವೆಲ್ಲ ಕುಲುಮೆಯ ಮುಂದೆ ಬೆವರಿದವರು ಶನಿವಾರ ರಾತ್ರಿ ತಮ್ಮ ಸಂಘದ ಸಭಾಂಗಣದಲ್ಲಿ ಸೇರುತ್ತಿದ್ದರು. ಕ್ಲೀವ್‌ಲ್ಯಾಂಡಿನ ಸೇಂಟ್ ಕ್ಲೇರ್ ಅವೆನ್ಯೂದಲ್ಲಿ 1924ರಲ್ಲಿ ತೆರೆದ ಸ್ಲೊವೇನಿಯನ್ ನ್ಯಾಷನಲ್ ಹೋಮ್ ಅಂಥದ್ದು. ಮದುವೆ, ಚರ್ಚಿನ ಹಬ್ಬ, ಕಾರ್ಮಿಕರ ಸಭೆ, ನಾಟಕ, ಪೋಲ್ಕಾ ಎಲ್ಲಕ್ಕೂ ಅದೇ ಸೂರು. ಅಜ್ಜಿಯೂ ಮೊಮ್ಮಗನೂ ಒಂದೇ ನೆಲದ ಮೇಲೆ ಕುಣಿಯುತ್ತಿದ್ದರು.

ಇಷ್ಟು ಜೀವಂತವಾದದ್ದನ್ನು ಸಂಗ್ರಹಕಾರರು ಬಹುಕಾಲ ಕಾಣಲೇ ಇಲ್ಲ. ಅಮೆರಿಕದಲ್ಲಿ ‘ಜನಪದ ಹಾಡು’ ಎಂದರೆ ಬೆಟ್ಟದ ಹಳ್ಳಿಗಳಲ್ಲಿ ಉಳಿದ ಹಳೆಯ ಇಂಗ್ಲಿಷ್ ಲಾವಣಿ ಎಂಬ ನಂಬಿಕೆ ಗಟ್ಟಿಯಾಗಿತ್ತು. ಬೇರೆ ಭಾಷೆಯಲ್ಲಿ ಹಾಡುವ, ಸ್ಯಾಕ್ಸೋಫೋನ್ ಊದುವ, ರೇಡಿಯೋದಲ್ಲಿ ಬರುವ ಕಾರ್ಖಾನೆ ಕೆಲಸಗಾರರ ಬ್ಯಾಂಡು ಅವರ ಕಣ್ಣಿಗೆ ಜನಪದವೂ ಅಲ್ಲ, ಶಾಸ್ತ್ರೀಯವೂ ಅಲ್ಲ. ಇದು ಅನ್ಯಾಯ ಎಂದು ನಾನು ಸ್ಪಷ್ಟವಾಗಿ ಹೇಳುತ್ತೇನೆ.

ಮೊದಲು ಧ್ವನಿ ಹಿಡಿದಿಟ್ಟವರು ವಿದ್ವಾಂಸರಲ್ಲ, ವ್ಯಾಪಾರಿಗಳು. ಕೊಲಂಬಿಯಾ, ವಿಕ್ಟರ್ ಕಂಪನಿಗಳು ವಲಸಿಗರಿಗೆ ಗ್ರಾಮಫೋನು ಮಾರಲೆಂದು ಅವರವರ ಭಾಷೆಯ ರೆಕಾರ್ಡ್ ತೆಗೆದವು. ಹಾಡಿಲ್ಲದ ಬರೀ ವಾದ್ಯದ ಪೋಲ್ಕಾವಾದರೆ ಒಂದೇ ಮಟ್ಟು ಪೋಲಿಷ್ ಪಟ್ಟಿಯಲ್ಲಿ ಒಂದು ಹೆಸರಿನಲ್ಲೂ ಇನ್ನೊಂದು ಭಾಷೆಯ ಪಟ್ಟಿಯಲ್ಲಿ ಮತ್ತೊಂದು ಹೆಸರಿನಲ್ಲೂ ಬರುತ್ತಿತ್ತು. ಈ ಗೋಜಲನ್ನು ಬಿಡಿಸಿದವರು ರಿಚರ್ಡ್ ಸ್ಪಾಟ್ಸ್‌ವುಡ್. 1893ರಿಂದ 1942ರವರೆಗೆ ಅಮೆರಿಕದಲ್ಲಿ ಮುದ್ರಣಗೊಂಡ ವಲಸಿಗ ಸಮುದಾಯಗಳ ರೆಕಾರ್ಡುಗಳನ್ನು ಪಟ್ಟಿ ಮಾಡಿ 1990ರಲ್ಲಿ ಏಳು ಸಂಪುಟಗಳಲ್ಲಿ ತಂದರು. ಪಟ್ಟಿ ಮಾಡುವುದು ಸಣ್ಣ ಕೆಲಸ ಎನ್ನುವವರು ಅಂಥ ಒಂದು ಸಂಪುಟವನ್ನು ಕೈಯಲ್ಲಿ ಹಿಡಿದು ನೋಡಬೇಕು.

ಊರೂರಿಗೆ ಯಂತ್ರ ಹೊತ್ತವರೂ ಇದ್ದರು. 1938ರಲ್ಲಿ ಇಪ್ಪತ್ಮೂರರ ತರುಣ ಅಲನ್ ಲೋಮ್ಯಾಕ್ಸ್, ಲೈಬ್ರರಿ ಆಫ್ ಕಾಂಗ್ರೆಸ್ ಎಂಬ ಅಮೆರಿಕದ ರಾಷ್ಟ್ರೀಯ ಗ್ರಂಥಾಲಯದ ಪರವಾಗಿ ಮಿಷಿಗನ್ನಿಗೆ ಹೋಗಿ ಗಣಿಗಾರರು, ಮರ ಕಡಿಯುವವರು, ಪೋಲಿಷ್ ಮತ್ತು ಫಿನ್ನಿಷ್ ಕುಟುಂಬಗಳನ್ನು ಕಂಡರು. ಹಿಂತಿರುಗುವಾಗ ಸುಮಾರು 250 ಡಿಸ್ಕು, ಎಂಟು ರೀಲು ಚಲನಚಿತ್ರ ಅವರ ಬಳಿ ಇದ್ದವು. ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಸಂಗೀತ ಅಧ್ಯಾಪಕಿ ಹೆಲೆನ್ ಸ್ಟ್ರಾಟ್‌ಮನ್-ಥಾಮಸ್ 1940, 41ರಲ್ಲಿ ರಾಜ್ಯ ಸುತ್ತಿದರು. ಯುದ್ಧ ಬಂದು ಕೆಲಸ ನಿಂತಿತು. ಮುಗಿದ ಮೇಲೆ 1946ರಲ್ಲಿ ಮತ್ತೆ ಹೊರಟರು. ಈ ಧ್ವನಿಗಳೆಲ್ಲ ದಶಕಗಟ್ಟಲೆ ಕಪಾಟಿನಲ್ಲಿ ಮಲಗಿದ್ದವು. ಅದೇ ವಿಶ್ವವಿದ್ಯಾಲಯದ ಜಾನಪದ ವಿದ್ವಾಂಸ ಜೇಮ್ಸ್ ಲಿಯರಿ ಅವುಗಳಿಂದ ಆಯ್ದು, ಇಪ್ಪತ್ತೈದಕ್ಕೂ ಹೆಚ್ಚು ಭಾಷೆಗಳ ಹಾಡುಗಳನ್ನು ಐದು ಸಿಡಿ, ಒಂದು ಡಿವಿಡಿಯಲ್ಲಿ 2015ರಲ್ಲಿ ಹೊರತಂದರು. ಹಾಡಿದವರ ಮೊಮ್ಮಕ್ಕಳು ಆ ಧ್ವನಿ ಕೇಳಲು ಸುಮಾರು ಮುಕ್ಕಾಲು ಶತಮಾನ ಕಾಯಬೇಕಾಯಿತು.

ದಾಖಲಿಸುವುದು ಎಂದರೆ ಮಟ್ಟನ್ನಷ್ಟೇ ಹಿಡಿಯುವುದಲ್ಲ ಎಂದು ತೋರಿಸಿದವರು ಚಾರ್ಲ್ಸ್ ಮತ್ತು ಆಂಜೆಲಿಕಿ ಕೀಲ್ ದಂಪತಿ, ಜೊತೆಗೆ ಛಾಯಾಗ್ರಾಹಕ ಡಿಕ್ ಬ್ಲೌ. ಬಫಲೋ, ಶಿಕಾಗೋ, ಮಿಲ್ವಾಕಿಯ ಕುಣಿತದ ನೆಲಕ್ಕೇ ಇಳಿದು, ಕುಣಿಯುವವರ ಮುಖಗಳನ್ನೂ ಮಾತುಗಳನ್ನೂ ದಾಖಲಿಸಿದರು. ನನ್ನ ಎಣಿಕೆಯಲ್ಲಿ ಇದೇ ಸರಿಯಾದ ದಾರಿ. ಪೋಲ್ಕಾ ಇರುವುದು ವಾದ್ಯದಲ್ಲಿ ಅರ್ಧ. ಉಳಿದರ್ಧ ಬೆವರಿದ ಅಂಗಿಯಲ್ಲಿ, ಅಡುಗೆಮನೆಯಿಂದ ಬರುವ ಎಲೆಕೋಸಿನ ವಾಸನೆಯಲ್ಲಿ, ಮದುಮಗಳ ಮುಸುಕು ತೆಗೆಯುವಾಗ ಹೆಂಗಸರೆಲ್ಲ ಸುತ್ತ ನೆರೆಯುವ ಪೋಲಿಷ್ ಮದುವೆಯ ಆ ಗಳಿಗೆಯಲ್ಲಿ ಇದೆ. ಕೈಬರಹದ ಸ್ವರಲಿಪಿ, ಕುಣಿತದ ಕರಪತ್ರ, ಸಣ್ಣ ಊರಿನ ಸ್ಟುಡಿಯೋದಲ್ಲಿ ತೆಗೆಸಿದ ಬ್ಯಾಂಡಿನ ಫೋಟೋ ಇವೂ ದಾಖಲೆಗಳೇ. ಮನೆ ಖಾಲಿ ಮಾಡುವಾಗ ಮೊದಲು ಕಸಕ್ಕೆ ಹೋಗುವುದೂ ಇವೇ.

ಗ್ರ್ಯಾಮಿ ಪ್ರಶಸ್ತಿಯಲ್ಲಿ 1986ರಿಂದ ಪೋಲ್ಕಾಕ್ಕೆ ಒಂದು ವಿಭಾಗ ಇತ್ತು. ಮೊದಲನೆಯದು ಯಾಂಕೊವಿಕ್ ಅವರಿಗೇ ಸಂದಿತು. ಒಟ್ಟು 24 ಪ್ರಶಸ್ತಿಗಳಲ್ಲಿ 18 ಬ್ಯಾಂಡ್ ನಾಯಕ ಜಿಮ್ಮಿ ಸ್ಟರ್ ಒಬ್ಬರಿಗೇ ಹೋದವು. 2009ರಲ್ಲಿ ವಿಭಾಗವನ್ನೇ ಮುಚ್ಚಿದರು. ಪೋಲ್ಕಾ ಮುಗಿಯಿತು ಎಂದು ಆಗ ಹಲವರು ಬರೆದರು. ಅವರು ಬಹುಶಃ ದಕ್ಷಿಣದ ಕಡೆ ನೋಡಿರಲಿಲ್ಲ.

ಟೆಕ್ಸಸ್ ಮತ್ತು ಉತ್ತರ ಮೆಕ್ಸಿಕೋದಲ್ಲಿ ಜರ್ಮನ್, ಚೆಕ್ ನೆರೆಯವರಿಂದ ಪೋಲ್ಕಾ ಕಲಿತ ಮೆಕ್ಸಿಕನ್ನರು ಅಕಾರ್ಡಿಯನ್ನಿಗೆ ಬಾಹೋ ಸೆಕ್ಸ್ಟೋ ಎಂಬ ಹನ್ನೆರಡು ತಂತಿಯ ಗಿಟಾರ್ ಜಾತಿಯ ವಾದ್ಯ ಜೋಡಿಸಿ ತಮ್ಮದೇ ಸಂಗೀತ ಕಟ್ಟಿಕೊಂಡರು. ನಾರ್ಸಿಸೋ ಮಾರ್ಟಿನೆಸ್ (1911–1992) 1936ರಲ್ಲಿ ಆ ಜೋಡಿವಾದ್ಯದ ತಮ್ಮ ಮೊದಲ ರೆಕಾರ್ಡುಗಳನ್ನು ಕೊಟ್ಟರು. ಅವನ್ನೂ ಅಂಥ ಸಾವಿರಾರು ರೆಕಾರ್ಡುಗಳನ್ನೂ ಕೂಡಿಹಾಕಿದವರು ಜರ್ಮನಿಯಲ್ಲಿ ಹುಟ್ಟಿ ಅಮೆರಿಕಕ್ಕೆ ಬಂದ ಕ್ರಿಸ್ ಸ್ಟ್ರಾಕ್‌ವಿಟ್ಸ್, ತಾವೇ ಒಬ್ಬ ವಲಸಿಗ.

ಅಲ್ಲಿಂದ ಪಶ್ಚಿಮಕ್ಕೆ, ಅರಿಜೋನಾದ ಮರುಭೂಮಿಯಲ್ಲಿ ತೊಹೊನೊ ಓಡಮ್ ಎಂಬ ಮೂಲನಿವಾಸಿ ಜನರಿದ್ದಾರೆ. ಅವರು ಎಲ್ಲಿಂದಲೂ ವಲಸೆ ಬಂದವರಲ್ಲ, ಎಲ್ಲರಿಗಿಂತ ಮೊದಲೇ ಅಲ್ಲಿದ್ದವರು. ಅವರಲ್ಲೂ ಪೋಲ್ಕಾ ಇದೆ. ಅವರು ಅದನ್ನು ‘ವೈಲಾ’ ಎನ್ನುತ್ತಾರೆ, ಕುಣಿತ ಎಂಬರ್ಥದ ಸ್ಪ್ಯಾನಿಷ್‌ನ ‘ಬೈಲೆ’ಯಿಂದ. ಹಬ್ಬದ ರಾತ್ರಿ ಅಕಾರ್ಡಿಯನ್, ಸ್ಯಾಕ್ಸೋಫೋನ್ ಶುರುವಾದರೆ ಬೆಳಗಿನವರೆಗೆ ನಿಲ್ಲುವುದಿಲ್ಲ. ಬೊಹೀಮಿಯಾದ ಆ ಪುಟ್ಟ ನೆಗೆತ ಮಾತ್ರ ಅಲ್ಲಿಲ್ಲ. ಜೋಡಿಗಳು ನೆಲ ಬಿಡದೆ, ಗಡಿಯಾರದ ಮುಳ್ಳಿಗೆ ಎದುರಾಗಿ, ಮೆಲ್ಲಗೆ ಜಾರಿಕೊಂಡು ಹೋಗುತ್ತವೆ.