ಓದುಗರ ಪ್ರಶ್ನೆ: ಪಾಠ ಮಾಡುವ ಆಸೆ ಇಲ್ಲ, ಆದರೆ ಕಾಲೇಜಿನಲ್ಲೇ ಕೆಲಸ ಬೇಕು. ಏನು ಓದಲಿ?

ಚಿಕ್ಕಮಗಳೂರಿನಿಂದ ಬಂದ ಪ್ರಶ್ನೆ ಇದು: "ಬಿ.ಎ. ಮುಗಿಯಿತು. ಲೆಕ್ಚರರ್ ಆಗೋದು ಬೇಡ. ಹಾಸ್ಟೆಲ್, ಸ್ಕಾಲರ್‌ಶಿಪ್, ಕೌನ್ಸೆಲಿಂಗ್ ಅಂತ ಹುಡುಗರ ಜೊತೆ ಇರುವ ಕೆಲಸ ಬೇಕು. ಅಮೆರಿಕದಲ್ಲಿ ಇದಕ್ಕೇ ಒಂದು ಮಾಸ್ಟರ್ಸ್ ಇದೆಯಂತೆ. ಅಲ್ಲಿಗೇ ಹೋಗಬೇಕಾ?"

ಬೇಕಿಲ್ಲ. ಇಲ್ಲೇ ಎಂ.ಎಸ್.ಡಬ್ಲ್ಯೂ., ಅಂದರೆ ಸಮಾಜಕಾರ್ಯದ ಮಾಸ್ಟರ್ಸ್ ಓದಿ. ಯಾಕೆ ಅಂತ ಹೇಳುವ ಮೊದಲು, ಈ ಕೆಲಸ ಹೇಗಿರುತ್ತೆ ಅನ್ನೋದು ಸ್ವಲ್ಪ ನೋಡೋಣ.

ನಾನು ಕೆಲಸ ಮಾಡುತ್ತಿದ್ದ ಕಾಲೇಜಿನಲ್ಲಿ ಒಮ್ಮೆ ಹಾಜರಾತಿ ಕೊರತೆಯ ಪಟ್ಟಿ ನೋಟಿಸ್ ಬೋರ್ಡಿಗೆ ಬಿತ್ತು. ಮೂಡಿಗೆರೆ ಕಡೆಯ ಒಬ್ಬ ಹುಡುಗಿಯ ಹೆಸರೂ ಅದರಲ್ಲಿತ್ತು. 75% ಇಲ್ಲ, ಪರೀಕ್ಷೆಗೆ ಕೂರಿಸಲ್ಲ ಅಂದುಬಿಟ್ಟರು. ಅವಳು ಏನೂ ಮಾತಾಡದೆ ಆಫೀಸಿನ ಬಾಗಿಲಲ್ಲಿ ನಿಂತಿದ್ದಳು, ಮಡಚಿದ ಛತ್ರಿಯಿಂದ ನೀರು ತೊಟ್ಟಿಕ್ಕಿ ಕಾಲಬುಡದಲ್ಲಿ ಮಡುಗಟ್ಟಿತ್ತು. ರಿಜಿಸ್ಟರ್ ತೆಗೆದು ಒಂದೊಂದೇ ದಿನ ನೋಡಿದೆ. ತಪ್ಪಿಸಿಕೊಂಡಿದ್ದೆಲ್ಲ ಮೊದಲ ಪೀರಿಯಡ್ಡೇ. ಊರಿಗಿದ್ದದ್ದು ಒಂದೇ ಬಸ್ಸು, ಮಳೆಗಾಲದಲ್ಲಿ ಅದು ಊರು ಮುಟ್ಟುವಾಗಲೇ ತಡ. ಹಾಸ್ಟೆಲ್ ಸೀಟು ಸಿಕ್ಕಿರಲಿಲ್ಲ. ಹಾಸ್ಟೆಲ್ ಸಿಗದ ಹಿಂದುಳಿದ ವರ್ಗದ ಮಕ್ಕಳಿಗೆ ವಿದ್ಯಾಸಿರಿ ಅನ್ನೋ ರಾಜ್ಯ ಸರ್ಕಾರದ ಯೋಜನೆಯಲ್ಲಿ, ಆಗಿನ ಲೆಕ್ಕದಲ್ಲಿ ತಿಂಗಳಿಗೆ 1,500 ರೂಪಾಯಿಯಂತೆ ವರ್ಷಕ್ಕೆ 10 ತಿಂಗಳು ಊಟ, ವಸತಿಗೆ ಸಹಾಯ ಸಿಗುತ್ತೆ ಅಂತ ಅವಳಿಗೆ ಒಬ್ಬರೂ ಹೇಳಿರಲಿಲ್ಲ. ಆ ಒಂದು ಮಾತು ಜೂನ್‌ನಲ್ಲೇ ಹೇಳಬೇಕಿತ್ತು, ಅಲ್ವಾ? ಅದನ್ನು ಹೇಳೋದೇ ಈ ಕೆಲಸ.

ಅಮೆರಿಕದಲ್ಲಿ ಇದನ್ನು ಸ್ಟೂಡೆಂಟ್ ಅಫೇರ್ಸ್ ಅಂತಾರೆ. 1937ರಲ್ಲೇ ಅಲ್ಲಿನ ಶಿಕ್ಷಣ ಮಂಡಳಿಯೊಂದು ವರದಿ ತಂದು, ವಿದ್ಯಾರ್ಥಿಯ ಓದನ್ನಷ್ಟೇ ಅಲ್ಲ, ಆರೋಗ್ಯ, ಹಣದ ಕಷ್ಟ, ಮನಸ್ಸು ಎಲ್ಲವನ್ನೂ ಕಾಲೇಜು ನೋಡಿಕೊಳ್ಳಬೇಕು ಅಂತ ಹೇಳಿತ್ತು. ಅಲ್ಲಿನ ಮಾಸ್ಟರ್ಸ್ ಸಾಮಾನ್ಯವಾಗಿ ಎರಡು ವರ್ಷ. ಹದಿಹರೆಯದಿಂದ ದೊಡ್ಡವರಾಗುವಾಗ ಮನಸ್ಸು ಹೇಗೆ ಬದಲಾಗುತ್ತೆ, ಕಾಲೇಜಿನ ಕಾನೂನು, ಬಜೆಟ್ ಎಲ್ಲ ಕಲಿಸುತ್ತಾರೆ. ಜೊತೆಗೆ ಕಾಲೇಜಿನ ಹಾಸ್ಟೆಲಿನಲ್ಲೋ ಆಫೀಸಿನಲ್ಲೋ ಸಂಬಳ ಕೊಡುವ ಅಸಿಸ್ಟೆಂಟ್‌ಶಿಪ್ ಕೆಲಸ. ನಿಜವಾದ ಕಲಿಕೆ ಅಲ್ಲೇ. ಅಸಿಸ್ಟೆಂಟ್‌ಶಿಪ್ ಸಿಕ್ಕಿ ಫೀಸೂ ಮನ್ನಾ ಆದರೆ ಧಾರಾಳವಾಗಿ ಹೋಗಿ. ಇಲ್ಲದಿದ್ದರೆ ತೋಟ ಅಡ ಇಟ್ಟು ಹೋಗಬೇಡಿ ಅಂತ ಕೈಮುಗಿದು ಹೇಳ್ತೀನಿ. ಸ್ಟೂಡೆಂಟ್ ವೀಸಾದಲ್ಲಿ ಸೆಮಿಸ್ಟರ್ ನಡೆಯುವಾಗ ಕ್ಯಾಂಪಸ್ಸಿನಲ್ಲಿ ವಾರಕ್ಕೆ 20 ಗಂಟೆಗಿಂತ ಜಾಸ್ತಿ ದುಡಿಯುವಂತಿಲ್ಲ, ಆ ದುಡಿಮೆಯಲ್ಲಿ ಸಾಲ ತೀರಲ್ಲ.

ಎಂ.ಎಸ್.ಡಬ್ಲ್ಯೂ. ಯಾಕೆ ಅಂದರೆ ಅದರಲ್ಲಿ ಕ್ಲಾಸಿನಷ್ಟೇ ಫೀಲ್ಡ್ ವರ್ಕ್‌ಗೂ ಬೆಲೆ ಇದೆ. ಮೈಸೂರು ವಿಶ್ವವಿದ್ಯಾಲಯದಲ್ಲಿ ಇದೆ. ಚಾರ್ಮಾಡಿ ಇಳಿದರೆ ಮಂಗಳೂರಿನ ರೋಶನಿ ನಿಲಯ ಇದೆ, 1960ರಿಂದ ಸಮಾಜಕಾರ್ಯ ಕಲಿಸುತ್ತಿರುವ ಸಂಸ್ಥೆ. ಫೀಲ್ಡ್ ವರ್ಕ್‌ಗೆ ಆಸ್ಪತ್ರೆ, ಎನ್‌ಜಿಒ ಅಂತ ಎಲ್ಲರೂ ಹೋಗುತ್ತಾರೆ. ನೀವು ಹಾಸ್ಟೆಲ್ ಅಥವಾ ಕಾಲೇಜು ಕೊಡಿ ಅಂತ ಕೇಳಿ. ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡುವ ಕೆಲಸವೇ ಇಷ್ಟ ಅನ್ನೋದಾದರೆ ಮಾತ್ರ ಕೌನ್ಸೆಲಿಂಗ್ ಸೈಕಾಲಜಿ.

ಒಂದು ಕಹಿ ವಿಷಯವನ್ನೂ ಹೇಳಬೇಕು. ನಮ್ಮಲ್ಲಿ 'ವಿದ್ಯಾರ್ಥಿ ಕ್ಷೇಮಪಾಲನಾಧಿಕಾರಿ' ಅನ್ನೋದು ಹೆಚ್ಚಿನ ಕಡೆ ಯಾರೋ ಒಬ್ಬ ಮೇಷ್ಟ್ರ ಹೆಗಲಿಗೆ ಹೆಚ್ಚುವರಿಯಾಗಿ ಬೀಳುವ ಹೊಣೆ, ಬೇರೆ ಹುದ್ದೆ ಅಲ್ಲ. ಹಾಗಾಗಿ ಸಮಾಜಕಾರ್ಯದಲ್ಲಿ ಲೆಕ್ಚರರ್ ಆಗಲು ಬೇಕಾದ ಅರ್ಹತಾ ಪರೀಕ್ಷೆ ನೆಟ್ ಅಥವಾ ಕೆ-ಸೆಟ್ ಕೂಡ ಬರೆದಿಟ್ಟುಕೊಳ್ಳಿ, ಆ ಕುರ್ಚಿಗೆ ಮುಂದೆ ಅದೂ ಒಂದು ದಾರಿ. ಖಾಸಗಿ ವಿಶ್ವವಿದ್ಯಾಲಯಗಳಲ್ಲಿ ಕೌನ್ಸೆಲರ್, ಪ್ಲೇಸ್‌ಮೆಂಟ್ ಆಫೀಸರ್, ವಾರ್ಡನ್ ಅಂತ ನೇರವಾಗಿ ತೆಗೆದುಕೊಳ್ಳುತ್ತಾರೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬಂದಾಗ ವಿದ್ಯಾರ್ಥಿಗಳಿಗೆ ಏನು ನೆರವು ಕೊಟ್ಟಿದ್ದೀರಿ ಅಂತಲೇ ಒಂದು ಇಡೀ ಭಾಗಕ್ಕೆ, ಐದನೇ ಮಾನದಂಡಕ್ಕೆ, ಅಂಕ ಹಾಕುತ್ತಿದ್ದರು. ಇಂಟರ್‌ವ್ಯೂಗೆ ಹೋಗುವಾಗ ಅದನ್ನು ಓದಿಕೊಂಡು ಹೋಗಿ.

ಅರ್ಜಿ ಹಾಕುವ ಮೊದಲು ಒಂದು ಕೆಲಸ ಮಾಡಿ. ನೀವು ಓದಿದ ಕಾಲೇಜಿಗೇ ಹೋಗಿ, ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲ್‌ನಲ್ಲಿ ಸ್ಕಾಲರ್‌ಶಿಪ್ ಅರ್ಜಿ ತುಂಬುವ ಹೊತ್ತಿನಲ್ಲಿ ಒಂದು ವಾರ ಸುಮ್ನೆ ಆ ಟೇಬಲ್ ಪಕ್ಕ ಕೂತು ಸಹಾಯ ಮಾಡಿ. ಆಧಾರ್‌ನಲ್ಲಿ ಒಂದು ಹೆಸರು, ಮಾರ್ಕ್ಸ್ ಕಾರ್ಡಿನಲ್ಲಿ ಇನ್ನೊಂದು ಅಂತ ಬರುವ ನಲವತ್ತನೇ ಹುಡುಗನಿಗೂ ಮೊದಲನೆಯವನಿಗೆ ಹೇಳಿದ ಹಾಗೇ ಸಮಾಧಾನವಾಗಿ ಹೇಳೋಕೆ ಆಗುತ್ತಾ ನೋಡಿ. ಆಯಿತು ಅಂದರೆ ಅರ್ಜಿ ಹಾಕಿ.