ಲವಂಗದ ಎಣ್ಣೆಗೆ ಬೇರುಗಂಟಿನ ಹುಳು ಸಾಯುತ್ತಾ?

ಪ್ರಶ್ನೆ: ಟೊಮೆಟೊ ಗಿಡ ಕಿತ್ತು ನೋಡಿದರೆ ಬೇರಿನ ತುಂಬಾ ಗಂಟು. ಲವಂಗ, ಓಮ, ಮಜ್ಜಿಗೆ ಹುಲ್ಲಿನ ಎಣ್ಣೆಗೆ ಈ ಜಂತುಹುಳು ಸಾಯುತ್ತೆ ಅಂತಾರೆ. ಡ್ರಿಪ್‌ನಲ್ಲಿ ಬಿಡಬಹುದಾ? ಎಕರೆಗೆ ಎಷ್ಟು ಬೇಕು?

ಉತ್ತರ: ಸಾಯುವುದು ನಿಜ. ಲವಂಗದ ಯೂಜೆನಾಲ್, ಓಮದ ಥೈಮಾಲ್, ಮಜ್ಜಿಗೆ ಹುಲ್ಲಿನ ಸಿಟ್ರಾಲ್, ಇವೆಲ್ಲ ಪ್ರಯೋಗಾಲಯದಲ್ಲಿ ಚೆನ್ನಾಗಿಯೇ ಕೆಲಸ ಮಾಡುತ್ತವೆ. ತಟ್ಟೆಯ ನೀರಿನಲ್ಲಿ ಮರಿಹುಳು ಬಿಟ್ಟು, ಲೀಟರಿಗೆ ಕೆಲವು ನೂರು ಮಿಲಿಗ್ರಾಂ ಎಣ್ಣೆ ಸೇರಿಸಿದರೆ ಒಂದೆರಡು ದಿನದಲ್ಲಿ ಹೆಚ್ಚಿನವು ಅಲ್ಲಾಡುವುದಿಲ್ಲ. ಹಾಗಂತ ಅಲ್ಲಾಡದ್ದೆಲ್ಲ ಸತ್ತಿರುವುದಿಲ್ಲ. ಬರೀ ನೀರಿಗೆ ಹಾಕಿದರೆ ಕೆಲವು ಮತ್ತೆ ಎದ್ದೇಳುತ್ತವೆ.

ಆದರೆ ಹೊಲ ತಟ್ಟೆಯಲ್ಲ, ಅಲ್ವಾ? ಲೆಕ್ಕ ಹಾಕೋಣ. ಎಕರೆ ಅಂದರೆ ಸುಮಾರು 4,047 ಚದರ ಮೀಟರ್. ಮೇಲಿನ 15 ಸೆಂ.ಮೀ. ಮಣ್ಣನ್ನಷ್ಟೇ ಹಿಡಿದರೂ 600 ಘನ ಮೀಟರ್ ಆಗುತ್ತದೆ, ತೂಕ 8 ಲಕ್ಷ ಕೆಜಿ ದಾಟುತ್ತದೆ. ಒಂದು ಕೆಜಿ ಮಣ್ಣಿಗೆ 200 ಮಿಲಿಗ್ರಾಂ ಎಣ್ಣೆ ಅಂದರೂ 160 ಕೆಜಿ ಬೇಕು. ಕೆಜಿಗೆ ಸಾವಿರ ರೂಪಾಯಿ ಹಿಡಿಯಿರಿ, ಒಂದೂವರೆ ಲಕ್ಷ ದಾಟಿತು. ಡ್ರಿಪ್ ನೆನೆಸುವ ಮೂರನೇ ಒಂದು ಭಾಗಕ್ಕೆ ಮಾತ್ರ ಅಂದುಕೊಂಡರೂ 50 ಕೆಜಿ ಮೇಲೆಯೇ. ಅರ್ಧ ಲೀಟರ್ ಬಿಟ್ಟರೆ ಹೊಲ ಘಮ್ ಅನ್ನುತ್ತೆ, ಅಷ್ಟೇ.

ಹಾಕಿದ್ದಾದರೂ ಉಳಿಯುತ್ತದೆಯೇ? ಒಂದಷ್ಟು ಆವಿಯಾಗುತ್ತದೆ. ಒಂದಷ್ಟು ಗೊಬ್ಬರದ ಅಂಶಕ್ಕೆ ಅಂಟಿಕೊಳ್ಳುತ್ತದೆ. ಉಳಿದದ್ದನ್ನು ಮಣ್ಣಿನ ಸೂಕ್ಷ್ಮಜೀವಿಗಳು ತಿಂದುಹಾಕುತ್ತವೆ. ಎಣ್ಣೆ ನೀರಿನಲ್ಲಿ ಸರಿಯಾಗಿ ಬೆರೆಯುವುದಿಲ್ಲವಾದ್ದರಿಂದ ಒಂದು ಗಿಡಕ್ಕೆ ಜಾಸ್ತಿ, ಇನ್ನೊಂದಕ್ಕೆ ಏನೂ ಇಲ್ಲ. ಜಾಸ್ತಿ ಬಿದ್ದ ಗಿಡದ ಬೇರು ಸುಡುತ್ತದೆ. ಅಮೆರಿಕದಲ್ಲಿ ಲವಂಗದ ಎಣ್ಣೆಯನ್ನು ಕಳೆನಾಶಕದಲ್ಲೂ ಬಳಸುತ್ತಾರೆ ಅನ್ನುವುದು ನೆನಪಿರಲಿ.

ಇನ್ನು ನಿಜವಾದ ತೊಂದರೆ ಬೇರಿನ ಒಳಗಿದೆ. ಹೆಣ್ಣುಹುಳು ಗಂಟಿನಲ್ಲೇ ಕೂತು 300–500 ಮೊಟ್ಟೆ ಇಡುತ್ತದೆ. ಮೊಟ್ಟೆಗಳ ಸುತ್ತ ಲೋಳೆಯ ಹೊದಿಕೆ ಇರುತ್ತದೆ. ಎಣ್ಣೆಗೆ ಸಿಗುವುದು ಮಣ್ಣಿನಲ್ಲಿ ಓಡಾಡುವ ಅರ್ಧ ಮಿಲಿಮೀಟರಿನ ಮರಿಹುಳು ಮಾತ್ರ. ನಮ್ಮ ಬೆಚ್ಚನೆಯ ಮಣ್ಣಿನಲ್ಲಿ ತಿಂಗಳಿಗೊಂದು ತಲೆಮಾರು ಬರುತ್ತದೆ. ಹಾಗಾಗಿ ಗಂಟು ಕಂಡ ಮೇಲೆ ಎಣ್ಣೆ ಬಿಡುವುದು ದುಡ್ಡು ದಂಡ.

ಮಣ್ಣಿಗೆ ಹಾಕುತ್ತಿದ್ದ ಫೋರೇಟ್ ಎಂಬ ರಾಸಾಯನಿಕ ಕೀಟನಾಶಕ 2020ರ ಕೊನೆಗೆ ನಿಂತ ಮೇಲೆ ರೈತರು ಬೇರೆ ದಾರಿ ಹುಡುಕುತ್ತಿರುವುದು ಸಹಜ. ಎಣ್ಣೆಯ ದಾರಿ ಪೂರ್ತಿ ಮುಚ್ಚಿಯೂ ಇಲ್ಲ. ವಿದೇಶದಲ್ಲಿ ಜೆರಾನಿಯೋಲ್ (ಇದೂ ಇಂಥ ಸುವಾಸನೆಯ ಎಣ್ಣೆಗಳಲ್ಲಿರುವ ಅಂಶ) ಮತ್ತು ಥೈಮಾಲನ್ನು ಯೀಸ್ಟ್ ಕೋಶದ ಚಿಪ್ಪಿನೊಳಗೆ ತುಂಬಿ, ಮಣ್ಣಿನಲ್ಲಿ ನಿಧಾನವಾಗಿ ಹೊರಬರುವ ಹಾಗೆ ಮಾಡಿದ್ದಾರೆ. ಅಲ್ಲಿ ಜಾಣತನ ಇರುವುದು ಎಣ್ಣೆಯಲ್ಲಿ ಅಲ್ಲ, ಚಿಪ್ಪಿನಲ್ಲಿ. ಅಂಗಡಿಯ ಬಾಟಲಿ ಎಣ್ಣೆಗೆ ಅದು ಬರುವುದಿಲ್ಲ. (ಬೇವಿನ ಎಣ್ಣೆ ಈ ಗುಂಪಿಗೆ ಸೇರಿದ್ದಲ್ಲ. ಅದು ಬೀಜದಿಂದ ಹಿಂಡಿದ ಎಣ್ಣೆ, ಆವಿಯಾಗುವಂಥದ್ದಲ್ಲ.)

ಹೊಲಕ್ಕೆ ನಾನು ಹೇಳುವುದು ಹಳೆಯ ಕ್ರಮವನ್ನೇ. ಕೊಯ್ಲು ಮುಗಿದ ತಕ್ಷಣ ಗಿಡವನ್ನು ಬೇರು ಸಮೇತ ಕಿತ್ತು ಸುಡಿ. ಏಪ್ರಿಲ್–ಮೇ ಬಿಸಿಲಿಗೆ ಮಣ್ಣು ನೆನೆಸಿ, 25 ಮೈಕ್ರಾನಿನ ಪಾರದರ್ಶಕ ಪ್ಲಾಸ್ಟಿಕ್ ಹಾಳೆಯನ್ನು 4ರಿಂದ 6 ವಾರ ಬಿಗಿಯಾಗಿ ಹೊದಿಸಿ. ಆಮೇಲೆ ಬೇವಿನ ಹಿಂಡಿಗೆ ಹುಳುವಿನ ಮೊಟ್ಟೆ ತಿನ್ನುವ ಶಿಲೀಂಧ್ರ ಬೆರೆಸಿ ಹಾಕಿ. ಹೆಸರಘಟ್ಟದ ತೋಟಗಾರಿಕೆ ಸಂಶೋಧನಾ ಸಂಸ್ಥೆ ಈ ವಿಧಾನದ ಮೇಲೆ ತುಂಬಾ ಕೆಲಸ ಮಾಡಿದೆ. ನಡುವೆ ಒಂದು ಬೆಳೆ ಚೆಂಡುಹೂವು ತೆಗೆದರೆ ಇನ್ನೂ ಒಳ್ಳೆಯದು.

ಎಣ್ಣೆಯನ್ನು ನೋಡಲೇಬೇಕು ಅಂತಿದ್ದರೆ ಸಸಿಮಡಿಯಲ್ಲಿ ನೋಡಿ. ಒಂದು ಚದರ ಮೀಟರ್ ಮಡಿಗೆ ಅದೇ ಲೆಕ್ಕದಲ್ಲಿ 40 ಗ್ರಾಂ ಸಾಕು, ಖರ್ಚು ಕೈಗೆಟಕುತ್ತದೆ. ಬಿತ್ತುವುದಕ್ಕೆ ಎರಡು ವಾರ ಮೊದಲೇ, ಎಣ್ಣೆಯನ್ನು ನೀರಿನಲ್ಲಿ ಬೆರೆಯುವಂತೆ ಮಾಡುವ ದ್ರಾವಣ ಸೇರಿಸಿ, ಚೆನ್ನಾಗಿ ಕಲಕಿ ಸುರಿಯಿರಿ. ಪಕ್ಕದ ಮಡಿಗೆ ಬರೀ ನೀರು ಹಾಕಿ. ನಾಟಿಗೆ ಮುಂಚೆ ಎರಡೂ ಕಡೆಯಿಂದ ಹತ್ತತ್ತು ಸಸಿ ಕಿತ್ತು, ಬೇರು ತೊಳೆದು, ಗಂಟು ಎಣಿಸಿ ನೋಡಿ.